ಹೆಸರು ತಿಳಿಯದ ಕಾಯಿಯೊಂದನ್ನು ಹಿಡಿದು ಲಾಲ್‌ಬಾಗ್‌ಗೆ

ತ್ಯಾಗರಾಜನಗರದ ನಮ್ಮ ಬಾಡಿಗೆ ಮನೆಯ ಎದುರಿಗೆ ಒಂದು ಮರವಿದೆ. ಆ ಮನೆಯಲ್ಲಿ ನಾವು 19 ವರ್ಷ ಇದ್ದೆವು. ಅಷ್ಟು ವರ್ಷವೂ ಅದರ ನೆರಳಿನಲ್ಲಿ ಇಸ್ತ್ರಿ ಗಾಡಿ ನಿಂತಿತ್ತು, ಬೆಳಗಿನ ಸೊಪ್ಪಿನವರು ಬುಟ್ಟಿ ಇಳಿಸುತ್ತಿದ್ದರು, ನನ್ನ ಮಗಳು ಶಾಲೆಯ ವ್ಯಾನಿಗಾಗಿ ಕಾಯುತ್ತಿದ್ದಳು. ಫೆಬ್ರುವರಿ ಬಂತೆಂದರೆ ಅದರ ಕಾಯಿಗಳು ಒಡೆದು, ಕಟ್ಟಿಗೆಯಷ್ಟು ಗಟ್ಟಿಯಾದ ದೋಣಿಯಾಕಾರದ ಹೋಳುಗಳು ಬಾಗಿಲ ಮುಂದೆ ಬೀಳುತ್ತಿದ್ದವು. ಅವನ್ನು ಗುಡಿಸಿ ನೀರು ಹಾಕಿದ ಮೇಲೆಯೇ ರಂಗೋಲಿ. ಕಂದು ಬಣ್ಣದ ತೆಳುವಾದ ರೆಕ್ಕೆಯಿರುವ ಬೀಜಗಳು ಗಿರಗಿರನೆ ತಿರುಗುತ್ತಾ ಇಳಿದು ಮಹಡಿಯ ಮೇಲೆ ಒಣಹಾಕಿದ ಹಪ್ಪಳದ ಮೇಲೂ ಕೂರುತ್ತಿದ್ದವು. ಇಷ್ಟೆಲ್ಲ ಒಡನಾಟವಿದ್ದರೂ ಆ ಮರದ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಅದನ್ನು ಕಾಡುಬೇವು ಎನ್ನುತ್ತಿದ್ದರು, ಇಸ್ತ್ರಿಯವರು ತೇಗದ ಜಾತಿಯದೆಂದು ನಂಬಿದ್ದರು, ಮಗಳು ಚಿಕ್ಕಂದಿನಲ್ಲಿ ಹೆಲಿಕಾಪ್ಟರ್ ಮರವೆಂದು ಕರೆದದ್ದು ನಮ್ಮ ಮನೆಯ ಮಟ್ಟಿಗೆ ಹಾಗೆಯೇ ಉಳಿದಿತ್ತು. ಫೋನಿನ ಆ್ಯಪ್ ಒಂದು ಮೂರು ದಿನ ಮೂರು ಬೇರೆ ಬೇರೆ ಹೆಸರು ಹೇಳಿತು.

ಈ ಮಾರ್ಚ್ ಕೊನೆಗೆ ಮನೆ ಖಾಲಿ ಮಾಡಿ ಕಲಬುರಗಿಗೆ, ನನ್ನ ಗಂಡನ ಊರಿಗೆ, ಹೋಗುವುದೆಂದು ತೀರ್ಮಾನವಾಯಿತು. ಗ್ಯಾಸ್ ಸಂಪರ್ಕದ ವರ್ಗಾವಣೆ, ಮಗಳ ಟಿ.ಸಿ., ಮನೆ ಮಾಲೀಕರಿಂದ ಅಡ್ವಾನ್ಸ್ ಹಿಂಪಡೆಯುವುದು ಎಂದು ಮಾಡಬೇಕಾದ ಕೆಲಸಗಳನ್ನು ಬರೆಯುತ್ತಾ ಹೋದಾಗ ಪಟ್ಟಿಯ ಕೊನೆಯಲ್ಲಿ ಮಗಳು ತನ್ನ ಅಕ್ಷರದಲ್ಲಿ 'ಮರದ ಹೆಸರು' ಎಂದು ಸೇರಿಸಿದಳು. ನಮ್ಮ ಮನೆಯಿಂದ ಲಾಲ್‌ಬಾಗ್ ಹತ್ತಿರ. ಊರಿನಿಂದ ನೆಂಟರು ಬಂದಾಗ, ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನಗಳಿಗೆ, ಮಾವಿನ ಮೇಳಕ್ಕೆಂದು ಹತ್ತಾರು ಬಾರಿ ಹೋಗಿದ್ದೇನೆ. ಆದರೆ ಮರಗಳನ್ನೇ ನೋಡಬೇಕೆಂದು, ಒಂದು ಪ್ರಶ್ನೆಯನ್ನು ಹಿಡಿದುಕೊಂಡು, ಒಂದು ಸಲವೂ ಹೋಗಿರಲಿಲ್ಲ. ಆದ್ದರಿಂದ ಮಾರ್ಚ್ ತಿಂಗಳ ಐದು ಬೆಳಿಗ್ಗೆಗಳನ್ನು ಅದಕ್ಕಾಗಿ ತೆಗೆದಿಟ್ಟೆ. ಈ ಬರಹ ಆ ಐದು ಬೆಳಿಗ್ಗೆಗಳ ಲೆಕ್ಕ. ವಾಯುವಿಹಾರದ ತಾಣವಾಗಿ ಲಾಲ್‌ಬಾಗ್ ಹೇಗಿದೆಯೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಸಾಮಾನ್ಯ ಮನುಷ್ಯರೊಬ್ಬರು ಒಂದು ಮರದ ಗುರುತು ಕೇಳಿಕೊಂಡು ಹೋದರೆ ಅದು ಉತ್ತರ ಕೊಡುತ್ತದೆಯೇ ಎಂಬುದನ್ನು ಮಾತ್ರ ನಾನು ಇಲ್ಲಿ ವಿಮರ್ಶಿಸುತ್ತಿದ್ದೇನೆ.

ಕೊಡುತ್ತದೆ. ನಮಗೆ ಮೂರನೆಯ ದಿನ ಕೊಟ್ಟಿತು. ಆದರೆ ಹೇಗೆ ಕೇಳಬೇಕೆಂಬುದನ್ನು ಕಲಿಯಲು ಮೊದಲ ಎರಡು ದಿನ ಹಿಡಿದವು.

ಉದ್ಯಾನ ಎಂಬ ಮಾತು ಬೆಂಗಳೂರಿನಲ್ಲಿ ಹುಲ್ಲುಹಾಸು ಮತ್ತು ಬೆಂಚಿರುವ ಪ್ರತಿಯೊಂದು ಜಾಗಕ್ಕೂ ಸಲ್ಲುತ್ತದೆ. ಲಾಲ್‌ಬಾಗ್ ಆ ಅರ್ಥದ ಉದ್ಯಾನವಲ್ಲ. ಶಿರಾದ ಮೊಘಲ್ ತೋಟವನ್ನು ಕಂಡು ಮೆಚ್ಚಿದ ಹೈದರ್ ಅಲಿ 1760ರಲ್ಲಿ ಸುಮಾರು 40 ಎಕರೆಯಲ್ಲಿ ಇದನ್ನು ಆರಂಭಿಸಿದನೆಂಬುದೂ, ಟಿಪ್ಪು ಸುಲ್ತಾನ ಹೊರದೇಶಗಳಿಂದ ಬೀಜ ಮತ್ತು ಸಸಿಗಳನ್ನು ತರಿಸಿ ಬೆಳೆಸಿದನೆಂಬುದೂ ಶಾಲೆಯ ಪಾಠದಿಂದಲೇ ನಮಗೆಲ್ಲ ತಿಳಿದಿದೆ. ನನ್ನ ಪ್ರಶ್ನೆಗೆ ಹೆಚ್ಚು ಸಂಬಂಧಿಸಿದ್ದು 1856, ಅಂದರೆ ಇದು ಸರ್ಕಾರಿ ಸಸ್ಯೋದ್ಯಾನವಾದ ವರ್ಷ. ಅಲ್ಲಿಂದ ಮುಂದೆ ಇಲ್ಲಿ ಒಂದು ಮರವನ್ನು ನೆಡುವುದೆಂದರೆ ಅದರ ಹೆಸರು, ಕುಟುಂಬ, ತವರು ಇವುಗಳನ್ನು ಗುರುತಿಸಿ ಇಡುವುದು ಎಂದೂ ಆಯಿತು. ಈಗಿನ 240 ಎಕರೆಯಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಕಬ್ಬನ್ ಪಾರ್ಕಿನ ಮರದ ಕೆಳಗೆ ಕುಳಿತರೆ ನೆರಳು ಸಿಗುತ್ತದೆ. ಇಲ್ಲಿ ನೆರಳಿನ ಜೊತೆಗೆ ಆ ನೆರಳು ಯಾರದೆಂಬುದೂ ತಿಳಿಯಬೇಕು. ಆದ್ದರಿಂದ ಮರದ ಬುಡದ ನಾಮಫಲಕವನ್ನೇ ಈ ಸಂಸ್ಥೆಯ ಮುಖ್ಯ ಸೇವೆಯೆಂದು ನಾನು ಎಣಿಸುತ್ತೇನೆ. ಹೂವಿನ ಗಡಿಯಾರವನ್ನಾಗಲಿ ಹುಲ್ಲುಹಾಸನ್ನಾಗಲಿ ಅಲ್ಲ.

ಮೊದಲ ದಿನ ಪಶ್ಚಿಮ ದ್ವಾರದಿಂದ ಒಳಗೆ ಹೋದೆವು. ಮೆಟ್ರೋದ ಲಾಲ್‌ಬಾಗ್ ನಿಲ್ದಾಣ ಇದಕ್ಕೆ ಹತ್ತಿರ. ಮಗಳ ಕೈಯಲ್ಲಿ ನೋಟ್‌ಪುಸ್ತಕ, ನನ್ನ ಚೀಲದಲ್ಲಿ ನಮ್ಮ ಮರದ ಒಂದು ಎಲೆಗೊಂಚಲು. ಎಲೆಯನ್ನು ಹೋಲಿಸಿ ನೋಡಿದರೆ ಮರ ಸಿಕ್ಕೀತೆಂದು ನಾವು ಭಾವಿಸಿದ್ದು ತಪ್ಪು. ಇಲ್ಲಿನ ಮರಗಳ ವಯಸ್ಸು ನೂರು, ನೂರೈವತ್ತು. ಅವುಗಳ ಮೊದಲ ಕೊಂಬೆಯೇ ಎರಡು ಮಹಡಿಯ ಮನೆಗಿಂತ ಎತ್ತರದಲ್ಲಿದೆ. ಬುಡದಲ್ಲಿ ಫಲಕವಿದೆ, ಕಣ್ಣಿನ ಮಟ್ಟದಲ್ಲಿ ಕಾಂಡವಿದೆ, ಎಲೆ ಮಾತ್ರ ಆಕಾಶದಲ್ಲಿದೆ. ಒಂದೂವರೆ ಗಂಟೆ ಕತ್ತೆತ್ತಿ ನಡೆದ ಮೇಲೆ ಕತ್ತು ನೋಯಿತೇ ಹೊರತು ಗುರುತು ಸಿಗಲಿಲ್ಲ. ಆಗ ದಾರಿಯ ಎಲೆ ಗುಡಿಸುತ್ತಿದ್ದ ಹಿರಿಯ ಮಾಲಿಯೊಬ್ಬರು ನಮ್ಮ ಕೈಯಲ್ಲಿದ್ದ ಎಲೆಯನ್ನು ನೋಡಿ, "ಎಲೆ ಹಿಡ್ಕೊಂಡು ಹುಡುಕಬೇಡಿ ಅಮ್ಮ, ಕಾಯಿ ತನ್ನಿ. ಮೇಲೆ ನೋಡಬೇಡಿ, ಕೆಳಗೆ ನೋಡ್ಕೊಂಡು ನಡೀರಿ" ಎಂದರು. ಈ ಎರಡು ವಾಕ್ಯಗಳಿಗಿಂತ ಉಪಯುಕ್ತವಾದ ಮಾರ್ಗದರ್ಶನ ನನಗೆ ಆ ಐದು ದಿನಗಳಲ್ಲಿ ಸಿಗಲಿಲ್ಲ. ಮರ ತನ್ನ ಗುರುತಿನ ಚೀಟಿಯನ್ನು ದಿನಾ ನೆಲಕ್ಕೆ ಉದುರಿಸುತ್ತಿರುತ್ತದೆ: ಹೂವು, ಕಾಯಿ, ತೊಗಟೆ, ಬೀಜ. ಗುಡಿಸುವವರು ಬರುವ ಮೊದಲು ಹೋದರೆ ಅದನ್ನು ಓದಬಹುದು.

ಎರಡನೆಯ ದಿನ ಹಾಗೆಯೇ ನೆಲ ನೋಡುತ್ತಾ ನಡೆದೆವು. ನಮ್ಮ ಮರ ಅಂದು ಸಿಗಲಿಲ್ಲ, ಆದರೆ ಇಷ್ಟು ವರ್ಷ ಕಾಣದ ಲಾಲ್‌ಬಾಗ್ ಸಿಕ್ಕಿತು.

ಮಾರ್ಚಿನ ನೆಲದ ಮೇಲೆ ಮೊದಲು ಕಂಡದ್ದು ಹತ್ತಿ. ಬಿಳಿ ಬೂರುಗದ ಕಾಯಿಗಳು ಒಡೆಯುವ ಕಾಲವದು. ಹುಲ್ಲಿನ ಮೇಲೆ ಅಲ್ಲಲ್ಲಿ ಬಿದ್ದಿದ್ದ ಎಳೆಗಳನ್ನು ಹಿಂಬಾಲಿಸುತ್ತಾ ಹೋದರೆ 200 ವರ್ಷ ದಾಟಿದ, ಲಾಲ್‌ಬಾಗ್‌ನ ಅತಿ ಪ್ರಸಿದ್ಧ ಮರದ ಬುಡಕ್ಕೆ ಬಂದು ನಿಂತೆವು. ಅದರ ಬೇರುಗಳು ನೆಲದಿಂದ ಗೋಡೆಗಳಂತೆ ಎದ್ದಿವೆ. ಎರಡು ಬೇರುಗಳ ನಡುವೆ ನಿಂತರೆ ಕೋಣೆಯೊಂದರ ಮೂಲೆಯಲ್ಲಿ ನಿಂತ ಹಾಗೆ ಆಗುತ್ತದೆ. ಎತ್ತರಕ್ಕೆ ಬೆಳೆಯುವ, ಆದರೆ ಆಳಕ್ಕೆ ಬೇರು ಇಳಿಸದ ಮಳೆಕಾಡಿನ ಮರಗಳು ಗಾಳಿಗೆ ಉರುಳದಿರಲು ಹೀಗೆ ಆನಿಕೆ ಕೊಟ್ಟುಕೊಳ್ಳುತ್ತವೆ. ದಿಂಬಿಗೆ ತುಂಬುವ ಬೂರುಗದ ಹತ್ತಿಯನ್ನು ನಾವೆಲ್ಲ ಮುಟ್ಟಿದ್ದೇವೆ. ಅದು ಬರುವ ಮರದ ಮುಂದೆ ನಿಂತು, ಕೈಯಲ್ಲಿ ಹಿಡಿದರೆ ಹಿಡಿದ ಭಾರವೇ ತಿಳಿಯದ ಆ ಎಳೆಯನ್ನೂ ಈ ಬುಡವನ್ನೂ ಒಟ್ಟಿಗೆ ನೋಡುವುದು ಬೇರೆಯದೇ ಅನುಭವ. ನಾನು ಅಲ್ಲಿ ಬಹಳ ಹೊತ್ತು ನಿಂತೆ.

ನಾಗಲಿಂಗ ಪುಷ್ಪದ ಮರವನ್ನು ಹುಡುಕುವವರಿಗೆ ಕಣ್ಣಿಗಿಂತ ಮೂಗು ನೆರವಾಗುತ್ತದೆ. ಹೂವಿನ ವಾಸನೆ ಹಿತವಾದದ್ದು, ನೆಲಕ್ಕೆ ಬಿದ್ದು ಒಡೆದ ಕಾಯಿಯ ವಾಸನೆ ಅಷ್ಟೇ ಅಸಹನೀಯವಾದದ್ದು. ಹೆಡೆ ಬಿಚ್ಚಿದ ನಾಗ ಮತ್ತು ಅದರಡಿಯ ಲಿಂಗದಂತೆ ಕಾಣುವ ಈ ಹೂವನ್ನು ಶಿವಾಲಯಗಳಲ್ಲಿ ಕಂಡು ಬೆಳೆದವರಿಗೆ ಮರದ ತವರು ದಕ್ಷಿಣ ಅಮೆರಿಕ ಎಂದು ಓದಿದಾಗ ಒಮ್ಮೆ ನಂಬಿಕೆ ಬರುವುದಿಲ್ಲ. ಇಂಥ ಒಂದು ಸಾಲಿನ ಮಾಹಿತಿಗಾಗಿಯೇ ಫಲಕಗಳನ್ನು ಓದಬೇಕು. ನಮ್ಮದೆಂದುಕೊಂಡ ಎಷ್ಟು ಮರಗಳು ದೂರದಿಂದ ಬಂದವೆಂಬುದು ಹೆಜ್ಜೆ ಹೆಜ್ಜೆಗೂ ತಿಳಿಯುತ್ತದೆ. ಮೋಡ ಕವಿದಾಗಲೂ ಸಂಜೆಯಾದಾಗಲೂ ಎಲೆ ಮಡಚುವ ಮಳೆಮರ ಅಮೆರಿಕ ಖಂಡದ್ದು, ಮಕ್ಕಳು ಕತ್ತಿಕಾಯಿ ಹಿಡಿದು ಕಾದಾಡುವ ಗುಲ್‌ಮೊಹರ್ ಮಡಗಾಸ್ಕರಿನದು. ಮೊಗ್ಗನ್ನು ಹಿಚುಕಿದರೆ ನೀರು ಚಿಮ್ಮುವ, ನಾವು ಶಾಲೆಯಲ್ಲಿ ನೀರುಕಾಯಿ ಎನ್ನುತ್ತಿದ್ದ ಮರ ಆಫ್ರಿಕದ್ದು.

ಗಾಜಿನ ಮನೆಯ ಸುತ್ತಮುತ್ತಲಿನ ಅರಾಕೇರಿಯಾ ಮರಗಳನ್ನು ನಮ್ಮಲ್ಲಿ ಅನೇಕರು ಕ್ರಿಸ್‌ಮಸ್ ಮರ ಎಂದೇ ತಿಳಿದಿದ್ದಾರೆ. ಅವು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದವು. ಈ ಜಾತಿಗೆ ಒಂದು ವಿಚಿತ್ರ ಗುಣವಿದೆ. ಭೂಮಿಯ ಯಾವ ಭಾಗದಲ್ಲಿ ನೆಟ್ಟರೂ ಅದು ಭೂಮಧ್ಯರೇಖೆಯ ಕಡೆಗೆ ವಾಲಿ ಬೆಳೆಯುವ ಪ್ರವೃತ್ತಿಯುಳ್ಳದ್ದೆಂದು ಸಂಶೋಧಕರು 2017ರಲ್ಲಿ ತೋರಿಸಿದರು. ಬೆಂಗಳೂರಿನಲ್ಲಿ ಅದು ತೆಂಕಣಕ್ಕೆ ವಾಲಬೇಕು, ಆಸ್ಟ್ರೇಲಿಯಾದಲ್ಲಿ ಬಡಗಣಕ್ಕೆ. ಮಗಳು ಫೋನಿನ ದಿಕ್ಸೂಚಿ ಹಿಡಿದು ಒಂದೊಂದೇ ಮರವನ್ನು ಪರೀಕ್ಷಿಸುತ್ತಾ ಅರ್ಧ ಗಂಟೆ ಕಳೆದಳು. ಎಂಟನೆಯ ತರಗತಿಯ ಮಗುವೊಂದು ಬೆಳಿಗ್ಗೆ ಏಳು ಗಂಟೆಗೆ ಇಷ್ಟು ತನ್ಮಯವಾಗಿ ಭೂಗೋಳವನ್ನು ಓದುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರಗಳನ್ನು ನೋಡಲು ಬಂದವರು ಬಂಡೆಗುಡ್ಡವನ್ನು ಬಿಟ್ಟುಬಿಡಬಾರದು. ಮೇಲೆ ಕೆಂಪೇಗೌಡರ ಗಡಿಗೋಪುರವಿದೆ. ನಗರದ ನಾಲ್ಕು ದಿಕ್ಕಿನ ಎಲ್ಲೆಗೆಂದು ನಿಲ್ಲಿಸಿದ ಗೋಪುರಗಳಲ್ಲಿ ಇದೊಂದು, ಉಳಿದವು ಮೇಖ್ರಿ ವೃತ್ತ, ಹಲಸೂರು ಕೆರೆ ಮತ್ತು ಕೆಂಪಾಂಬುಧಿ ಕೆರೆಯ ಬಳಿ ಇವೆ. ಕೆಳಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ದಕ್ಷಿಣ ಭಾರತದ ತಳಹದಿಯಾದ ಈ ಶಿಲೆಗೆ ಪೆನಿನ್ಸುಲಾರ್ ನೈಸ್ ಎಂಬ ಹೆಸರನ್ನು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಕೊಟ್ಟರು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಹತ್ತುವಾಗ ಕಾಲ ಕೆಳಗೆ ನೋಡಿದರೆ ತಿಳಿಬೂದು ಮತ್ತು ಕಡುಬೂದು ಪಟ್ಟೆಗಳು ಅಲೆಯಲೆಯಾಗಿ ಹರಿದಿರುವುದು ಕಾಣುತ್ತದೆ. ಉದ್ಯಾನದೊಳಗೆ ತಮಿಳುನಾಡಿನ ತಿರುವಕ್ಕರೈಯಿಂದ ಬಂದ, 2 ಕೋಟಿ ವರ್ಷ ಹಳೆಯ, ಕಲ್ಲಾಗಿ ಹೋದ ಮರದ ಕಾಂಡವನ್ನೂ ಇಟ್ಟಿದ್ದಾರೆ. ಎರಡನ್ನೂ ಒಂದೇ ಬೆಳಿಗ್ಗೆ ನೋಡಿದರೆ, ಬೂರುಗದ 200 ವರ್ಷವನ್ನು ಬಹಳವೆಂದುಕೊಂಡಿದ್ದ ಮನಸ್ಸು ತನ್ನ ಅಳತೆಗೋಲನ್ನು ಬದಲಿಸಬೇಕಾಗುತ್ತದೆ.

ಗಾಜಿನ ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟ, ಗ್ಲಾಸ್ಗೋದ ಎರಕದ ಕಬ್ಬಿಣದಿಂದ ಕಟ್ಟಿದ ಆ ಕಟ್ಟಡ ನಿಜವಾಗಿಯೂ ಸುಂದರವಾಗಿದೆ. ಖಾಲಿ ಇದ್ದಾಗ ಇನ್ನೂ ಸುಂದರ. ಪ್ರದರ್ಶನದ ದಿನಗಳಲ್ಲಿ ಹೂವಿನಿಂದ ಮಾಡಿದ ಗೋಪುರ, ಸ್ಮಾರಕಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಸಂತೋಷವನ್ನು ನಾನೂ ಪಟ್ಟಿದ್ದೇನೆ, ಅದು ಬೆಂಗಳೂರಿನ ಹಬ್ಬಗಳಲ್ಲಿ ಒಂದು. ಆದರೆ ಮರ ನೋಡಬೇಕೆನ್ನುವವರು ಆ ಹತ್ತು ದಿನ ಹೋಗಬಾರದು. ಜನದ ಹೊಳೆ ಒಂದೇ ದಾರಿಯಲ್ಲಿ ಹರಿಯುತ್ತದೆ, ಅದರೊಳಗೆ ನಿಂತು ಫಲಕ ಓದಲಾಗುವುದಿಲ್ಲ. ಹತ್ತು ದಿನದ ಹೂವಿಗಾಗಿ ಬರುವವರಲ್ಲಿ ಹತ್ತರಲ್ಲೊಬ್ಬರು ಉಳಿದ ದಿನಗಳಲ್ಲಿ ಮರಗಳಿಗಾಗಿ ಬಂದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ನಾನು ಬರದೆ ಕಳೆದ ವರ್ಷಗಳೂ ಈ ಮಾತಿನಲ್ಲಿ ಸೇರಿವೆ.

ಮೂರನೆಯ ದಿನ ಚೀಲದಲ್ಲಿ ಎಲೆಯ ಬದಲು ನಮ್ಮ ಮರದ ಕಾಯಿ ಇತ್ತು. ಹಿಂದಿನ ಸಂಜೆ ಇಸ್ತ್ರಿಯವರೇ ಗಾಡಿಯ ಮೇಲಿಂದ ಒಂದು ಪೂರ್ತಿ ಕಾಯಿಯನ್ನು ಎತ್ತಿ ಕೊಟ್ಟಿದ್ದರು. ಮುಷ್ಟಿಯ ಗಾತ್ರ, ಕಂದು ಬಣ್ಣ, ಒರಟು ಮೈ. ಅದು ಬುಡದಿಂದ ತುದಿಯ ಕಡೆಗೆ ಐದು ಹೋಳಾಗಿ ಬಿರಿಯುತ್ತದೆ, ಒಳಗೆ ಐದು ಏಣುಗಳ ಒಂದು ದಿಂಡು, ಅದಕ್ಕೆ ಒತ್ತಿಕೊಂಡು ಜೋಡಿಸಿಟ್ಟಂತೆ ರೆಕ್ಕೆಯ ಬೀಜಗಳು. ನೆಲ ನೋಡುತ್ತಾ ಸುಮಾರು ಮುಕ್ಕಾಲು ಗಂಟೆ ನಡೆದ ಮೇಲೆ ಒಳರಸ್ತೆಯೊಂದರ ಪಕ್ಕದಲ್ಲಿ ಅದೇ ದೋಣಿಯಾಕಾರದ ಹೋಳು ಮಗಳ ಕಣ್ಣಿಗೆ ಬಿತ್ತು. ಆದರೆ ಅದು ನಮ್ಮದಕ್ಕಿಂತ ಎರಡು ಪಟ್ಟು ಉದ್ದವಿತ್ತು. ಫಲಕದ ಮೇಲೆ ಸ್ವೀಟೀನಿಯಾ ಮ್ಯಾಕ್ರೋಫಿಲ್ಲಾ ಎಂದಿತ್ತು, ಅಂದರೆ ದೊಡ್ಡೆಲೆಯ ಮಹಾಗನಿ. ನಮ್ಮ ಮರದ ಎಲೆ ಅಷ್ಟು ದೊಡ್ಡದಲ್ಲ. ಹತ್ತಿರದ ಸಂಬಂಧಿಕರ ಮನೆ ಸಿಕ್ಕಿದೆ, ನಮ್ಮವರು ಇಲ್ಲೇ ಎಲ್ಲೋ ಇರಬೇಕೆಂಬ ಧೈರ್ಯದಿಂದ ಮುಂದೆ ನಡೆದೆವು. ಇನ್ನೊಂದು ತಿರುವಿನಲ್ಲಿ ಮುಷ್ಟಿಗಾತ್ರದ ಕಾಯಿಗಳು ಬಿದ್ದಿದ್ದವು. ಮಗಳು ನಮ್ಮ ಕಾಯಿಯನ್ನು ನೆಲದ ಕಾಯಿಯ ಪಕ್ಕದಲ್ಲಿಟ್ಟು, ಎದ್ದು ನಿಂತು, ಫಲಕವನ್ನು ಗಟ್ಟಿಯಾಗಿ ಓದಿದಳು: ಸ್ವೀಟೀನಿಯಾ ಮಹಾಗನಿ, ಕುಟುಂಬ ಮೀಲಿಯೇಸಿ, ತವರು ವೆಸ್ಟ್ ಇಂಡೀಸ್.

ಮೀಲಿಯೇಸಿ ಎಂದರೆ ಬೇವಿನ ಕುಟುಂಬ. ಪಕ್ಕದ ಮನೆಯ ಅಜ್ಜಿ ಕಾಡುಬೇವು ಎಂದಾಗ ನಾವು ಒಪ್ಪಿರಲಿಲ್ಲ. ಹೆಸರು ತಪ್ಪಿದ್ದರೂ ಅವರು ಕುಲವನ್ನು ಸರಿಯಾಗಿ ಹಿಡಿದಿದ್ದರು. ಆಮೇಲೆ ಎರಡು ಎಲೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಅವರು ಏನನ್ನು ಕಂಡಿದ್ದರೆಂಬುದು ತಿಳಿಯಿತು. ಒಂದು ಕಡ್ಡಿಯ ಎರಡೂ ಬದಿಗೆ ಕಿರುಎಲೆಗಳು, ಪ್ರತಿಯೊಂದು ಕಿರುಎಲೆಯ ಬುಡವೂ ಒಂದು ಕಡೆಗೆ ಹೆಚ್ಚು, ಒಂದು ಕಡೆಗೆ ಕಡಿಮೆ. ಬೇವಿನದರ ಅಂಚು ಗರಗಸದಂತಿದೆ, ಮಹಾಗನಿಯದು ನುಣುಪಾಗಿದೆ, ಅಷ್ಟೇ ವ್ಯತ್ಯಾಸ. ಬೇರೆ ಖಂಡದಿಂದ ಬಂದ ಮರದಲ್ಲಿ ಊರಿನ ಬೇವನ್ನು ಗುರುತಿಸಿದ ಅವರ ಕಣ್ಣಿಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ಲಾಲ್‌ಬಾಗ್ ಎಂಬ ವೃಕ್ಷಸಂಗ್ರಹದ ಬೆಲೆ ನನಗೆ ಸ್ಪಷ್ಟವಾದದ್ದು ಆ ಕ್ಷಣದಲ್ಲಿ. ಒಂದೇ ಕುಲದ ಎರಡು ಮಹಾಗನಿಗಳು ಒಂದೇ ಆವರಣದಲ್ಲಿ ಇದ್ದುದರಿಂದಲೇ ನಮ್ಮದು ಯಾವುದೆಂದು ಹೇಳಲು ಸಾಧ್ಯವಾಯಿತು. ಪುಸ್ತಕದ ಚಿತ್ರ ಅಥವಾ ಫೋನಿನ ಪರದೆ ಕಾಯಿಯ ಗಾತ್ರವನ್ನು ಕೈಗೆ ಕೊಡುವುದಿಲ್ಲ. ಒಂದು ಸಲಹೆ ಮಾತ್ರ ಇದೆ. ಎಲೆ ಕಣ್ಣಿಗೆ ನಿಲುಕದಷ್ಟು ಎತ್ತರದ ಮರಗಳಿಗೆ, ಫಲಕದಲ್ಲೇ ಎಲೆ ಮತ್ತು ಕಾಯಿಯ ಒಂದು ರೇಖಾಚಿತ್ರವೂ, ಕನ್ನಡದಲ್ಲಿ ಕುಟುಂಬದ ಹೆಸರಿನ ಅರ್ಥವೂ ಇದ್ದರೆ ಸಸ್ಯಶಾಸ್ತ್ರ ಓದದವರಿಗೆ ಬಹಳ ಉಪಕಾರವಾಗುತ್ತದೆ. ಮೀಲಿಯೇಸಿ ಎಂಬ ಪದ ನನಗೆ ಏನನ್ನೂ ಹೇಳಲಿಲ್ಲ, ಬೇವಿನ ಕುಟುಂಬ ಎಂದು ತಿಳಿದ ಮೇಲೆ ಎಲ್ಲವನ್ನೂ ಹೇಳಿತು.

ಉಳಿದ ಎರಡು ದಿನಗಳಲ್ಲಿ ಹುಡುಕುವ ಗಡಿಬಿಡಿ ಇರಲಿಲ್ಲ. ಮನೆಯಿಂದ ಮಾರುಕಟ್ಟೆಗೆ, ಶಾಲೆಗೆ, ಬ್ಯಾಂಕಿಗೆ ಹೋಗುವ ದಾರಿಯ ಒಂದೊಂದು ಮರವನ್ನೂ ನೆನಪಿಸಿಕೊಂಡು ಅದರ ಜೋಡಿಯನ್ನು ಇಲ್ಲಿ ಹುಡುಕಿದೆವು, ಬಹುಪಾಲು ಸಿಕ್ಕವು. ಅದು ಆಕಸ್ಮಿಕವಲ್ಲ, ಬೆಂಗಳೂರಿನ ಬೀದಿಗಳಿಗೆ ಲಾಲ್‌ಬಾಗೇ ತವರು. 1874ರಿಂದ 1908ರವರೆಗೆ ಇದನ್ನು ನೋಡಿಕೊಂಡ ಜಾನ್ ಕ್ಯಾಮರನ್ ಹೊರದೇಶದ ಅನೇಕ ಉಪಯುಕ್ತ ಸಸ್ಯಗಳನ್ನು ಇಲ್ಲಿ ತರಿಸಿ ಬೆಳೆಸಿ ಹಂಚಿದರು. ನಮ್ಮ ಅಡುಗೆಮನೆಯ ಸೀಮೆಬದನೆಕಾಯಿ ಹೀಗೆ ಬಂದದ್ದು. ತಮಿಳಿನವರು ಅದನ್ನು ಇಂದಿಗೂ ಬೆಂಗಳೂರು ಕತ್ತರಿಕ್ಕಾಯ್ ಎಂದೇ ಕರೆಯುತ್ತಾರೆ. ಅವರ ನಂತರ ಬಂದ ಜರ್ಮನಿಯ ಗುಸ್ತಾವ್ ಹರ್ಮನ್ ಕೃಂಬಿಗಲ್, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಕಲಿತು ಬರೋಡಾದ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದವರು, 1932ರವರೆಗೆ ಸೇವೆಯಲ್ಲಿದ್ದರು. ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಜಾತಿ ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದ ಅವರ ಕ್ರಮದಿಂದಾಗಿ ಈ ನಗರದಲ್ಲಿ ಕ್ಯಾಲೆಂಡರ್ ನೋಡದೆಯೂ ತಿಂಗಳು ಹೇಳಬಹುದು. ಜನವರಿಯಲ್ಲಿ ಗುಲಾಬಿ ತಬೇಬುಯಾ, ಮಾರ್ಚಿನಲ್ಲಿ ನೀಲಿನೇರಳೆಯ ಜಕರಂಡ ಮತ್ತು ಹೊಂಗೆಯ ಹೊಸ ಚಿಗುರು, ಯುಗಾದಿ ಕಳೆದ ಮೇಲೆ ಗುಲ್‌ಮೊಹರ್ ಮತ್ತು ಹೊಳೆದಾಸವಾಳ, ಮಳೆಗಾಲ ಮುಗಿದ ಮೇಲಿನ ಇರುಳುಗಳಲ್ಲಿ ಆಕಾಶಮಲ್ಲಿಗೆಯ ಪರಿಮಳ. ಕೃಂಬಿಗಲ್ ಅವರ ನಂತರ ಜವರಾಯ, ಆಮೇಲೆ ಮರಿಗೌಡರು ಈ ಕೆಲಸವನ್ನು ಮುಂದುವರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಹೊಸ ಬಡಾವಣೆಗಳ ಬೀದಿಗಳಲ್ಲಿ 15 ಲಕ್ಷ ಸಸಿಗಳನ್ನು ನೆಡಿಸಿದರು. ಬೆಂಗಳೂರು ಬಿಡುವವರಿಗೆ ಲಾಲ್‌ಬಾಗನ್ನು ನೋಡಿ ಹೋಗಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ನಾವು ವಾಸಿಸಿದ ಬೀದಿಗಳು ಅಲ್ಲಿ ಹೆಸರಿನ ಸಮೇತ ನಿಂತಿವೆ.

ಹೋಗುವವರಿಗೆ ಕೆಲವು ವಿವರಗಳನ್ನು ತಿಳಿಸುತ್ತೇನೆ. ಬೆಳಿಗ್ಗೆ 6ಕ್ಕೆ ಬಾಗಿಲು ತೆರೆಯುತ್ತದೆ, ಸಂಜೆ 7ರವರೆಗೆ ಇರುತ್ತದೆ. ನಡಿಗೆಯ ಹೊತ್ತು ಕಳೆದ ಮೇಲೆ ಟಿಕೆಟ್ ಪಡೆಯಬೇಕು. ವಾರದ ನಡುವಿನ ದಿನ, ಆರೂವರೆಯಿಂದ ಒಂಬತ್ತರವರೆಗಿನ ಅವಧಿ ಮರ ನೋಡಲು ಎಲ್ಲಕ್ಕಿಂತ ಒಳ್ಳೆಯದು. ಬೆಳಕು ಓರೆಯಾಗಿ ಬೀಳುವುದರಿಂದ ತೊಗಟೆಯ ಗೆರೆಗಳು ಚೆನ್ನಾಗಿ ಕಾಣುತ್ತವೆ, ನೆಲ ಗುಡಿಸಿರುವುದಿಲ್ಲ. ಇಡೀ 240 ಎಕರೆಯನ್ನು ಒಂದೇ ದಿನ ಮುಗಿಸುವ ಆಸೆ ಬೇಡ. ಒಂದು ದಿನಕ್ಕೆ ಹದಿನೈದು ಮರ ಸಾಕು. ಬಂಡೆ ಹತ್ತುವುದಿದ್ದರೆ ಬಿಸಿಲೇರುವ ಮೊದಲೇ ಹತ್ತಬೇಕು, ಮೊಣಕಾಲು ನೋವಿರುವ ಹಿರಿಯರು ಕೆರೆಯ ಕಡೆಯ ಸಮತಟ್ಟಾದ ದಾರಿಯಲ್ಲಿ ನಡೆಯುವುದು ಒಳ್ಳೆಯದು. ಇಲ್ಲಿಯ ಎಲೆ, ಹೂವುಗಳನ್ನು ಕೀಳಬಾರದು, ಆದ್ದರಿಂದ ನಿಮ್ಮ ಬೀದಿಯ ಮರದ ಕೆಳಗೆ ಬಿದ್ದ ಕಾಯಿಯನ್ನು ಮನೆಯಿಂದಲೇ ತನ್ನಿ. ಮುಖ್ಯ ದ್ವಾರದಿಂದ ಹೊರಬಂದರೆ 1924ರಿಂದ ನಡೆಯುತ್ತಿರುವ ಎಂ.ಟಿ.ಆರ್. ಹತ್ತಿರದಲ್ಲೇ ಇದೆ, ಒಂದು ರವೆ ಇಡ್ಲಿ, ಒಂದು ಕಾಫಿಯ ನಂತರ ಮಗಳು ಅಲ್ಲಿಯೇ ಕುಳಿತು ಆ ದಿನದ ಟಿಪ್ಪಣಿ ಬರೆಯುತ್ತಿದ್ದಳು.

ಕೊನೆಯ ದಿನ ಒಳಗಿನ ಸಸ್ಯ ಮಾರಾಟದ ಜಾಗಕ್ಕೆ ಹೋಗಿ ಒಂದು ಸಸಿ ಕೊಳ್ಳಬೇಕೆಂದುಕೊಂಡಿದ್ದೆ. ಕಲಬುರಗಿಯ ಅತ್ತೆಗೆ ಫೋನ್ ಮಾಡಿ ಮಹಾಗನಿ ಸಸಿ ತರಲೇ ಎಂದು ಕೇಳಿದೆ. "ಅಂಗಳದಾಗ ಅಷ್ಟು ದೊಡ್ಡ ಬೇವಿನ ಗಿಡ ಅದ, ಅದರ ನೆಳ್ಳಾಗ ಮತ್ತೊಂದು ಗಿಡ ಹೆಂಗ ಬೆಳೀಬೇಕವ್ವಾ" ಎಂದರು. ಅಲ್ಲಿ ಮರಕ್ಕೂ ಗಿಡ ಎಂದೇ ಹೆಸರು. ಅವರ ಮಾತು ಸರಿಯಾಗಿತ್ತು, ಸಸಿ ಕೊಳ್ಳಲಿಲ್ಲ. ಬೇವಿನದು ಮಹಾಗನಿಯ ಕುಟುಂಬವೇ ಎಂದು ಹೇಳಿದಾಗ, ಬಂದಮೇಲೆ ಎರಡರ ತಪ್ಪಲನ್ನೂ ಜೋಡಿಸಿ ತೋರಿಸೆಂದು ಕೇಳಿದರು. ಆ ಎಲೆಗೊಂಚಲು ಈಗ ಮಗಳ ನೋಟ್‌ಪುಸ್ತಕದೊಳಗೆ ಒಣಗುತ್ತಿದೆ.

ಅಂದು ಸಂಜೆ ಇಸ್ತ್ರಿಯವರಿಗೂ ಪಕ್ಕದ ಮನೆಯ ಅಜ್ಜಿಗೂ ಹೆಸರು ತಿಳಿಸಿದೆವು. ಮಗಳು ರಟ್ಟಿನ ತುಂಡೊಂದರ ಮೇಲೆ ಕನ್ನಡದಲ್ಲಿ ಮಹಾಗನಿ, ಬೇವಿನ ಕುಟುಂಬ, ತವರು ವೆಸ್ಟ್ ಇಂಡೀಸ್ ಎಂದು ದಪ್ಪ ಅಕ್ಷರಗಳಲ್ಲಿ ಬರೆದು, ಮೊಳೆ ಹೊಡೆಯಬಾರದೆಂದು ಸೆಣಬಿನ ದಾರದಿಂದ ಕಾಂಡಕ್ಕೆ ಕಟ್ಟಿದಳು. ಮಳೆಗೆ ಹಾಳಾಗದಿರಲೆಂದು ಅಜ್ಜಿ ಹಾಲಿನ ಪ್ಯಾಕೆಟ್ಟನ್ನು ತೊಳೆದು ಒರೆಸಿ ಅದರ ಮೇಲೆ ಹೊದಿಸಿದರು. ಸಾಮಾನಿನ ಲಾರಿ ಬಂದ ದಿನ ಅದು ಅಲ್ಲೇ ಇತ್ತು.